ಗಾಜು ಒರೆಸುವ ಕಸುಬಿಗೆ ಹಳೆಯ ಓಮ್ನಿ ಕಾರ್ಗೋ: ಹುಬ್ಬಳ್ಳಿಯಲ್ಲಿ ನಾಲ್ಕು ವರ್ಷದ ಲೆಕ್ಕ

ಹುಬ್ಬಳ್ಳಿ-ಧಾರವಾಡದಲ್ಲಿ ಅಂಗಡಿ, ಶೋರೂಂ, ಆಸ್ಪತ್ರೆ ಮತ್ತು ಬ್ಯಾಂಕುಗಳ ಗಾಜು ಒರೆಸಿಕೊಡುವುದು ನನ್ನ ಸ್ವಂತ ಉದ್ಯೋಗ. ಜೊತೆಗೆ ಒಬ್ಬ ಹುಡುಗನಿದ್ದಾನೆ. ಎರಡು ಅಲ್ಯೂಮಿನಿಯಂ ಏಣಿ, ಉದ್ದ ಕೋಲಿನ ಬ್ರಷ್ಷು, ರಬ್ಬರ್ ವೈಪರ್, ಬಕೆಟ್ಟುಗಳು ನಮ್ಮ ಬಂಡವಾಳ. 2021ರ ಕೊನೆಯವರೆಗೆ ಬೈಕಿನ ಹಿಂದೆ ಬಕೆಟ್ಟು ಕಟ್ಟಿಕೊಂಡು, ಏಣಿಗಳನ್ನು ಬಾಡಿಗೆ ಟಂಟಂ ಆಟೋದಲ್ಲಿ ಸಾಗಿಸುತ್ತಿದ್ದೆ. ಟಂಟಂ ಬಾಡಿಗೆಯೇ ಕೂಲಿಯ ಕಾಲುಭಾಗ ನುಂಗತೊಡಗಿದಾಗ 2014ರ ಮಾದರಿಯ, ಹಳದಿ ಬೋರ್ಡಿನ (ಸರಕು ವಾಹನವೆಂದು ನೋಂದಾಯಿಸಿದ) ಓಮ್ನಿ ಕಾರ್ಗೋ ವ್ಯಾನ್ ಒಂದನ್ನು 1,40,000 ರೂಪಾಯಿಗೆ ಕೊಂಡೆ. ನನ್ನಂತೆ ಒಬ್ಬರು ಇಬ್ಬರು ಸೇರಿ ಇದೇ ಕೆಲಸ ಮಾಡುವವರು ಗಾಡಿ ಕೊಳ್ಳುವ ಮುನ್ನ ಈ ಲೆಕ್ಕ ನೋಡಿದರೆ, ನಾನು ದುಡ್ಡು ಕೊಟ್ಟು ಕಲಿತದ್ದನ್ನು ಅವರು ಪುಕ್ಕಟೆ ಕಲಿಯಬಹುದೆಂದು ಬರೆಯುತ್ತಿದ್ದೇನೆ.

ಓಮ್ನಿಯ ಬಗ್ಗೆ ಹೊಸದಾಗಿ ಹೇಳಬೇಕಾದದ್ದು ಕಡಿಮೆ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದದ್ದು, ಆಮೇಲೆ ಓಮ್ನಿಯಾಗಿ, 2019ರಲ್ಲಿ ತಯಾರಿಕೆ ನಿಂತಿತು. ಮೂರು ಸಿಲಿಂಡರಿನ 796 ಸಿಸಿ ಪೆಟ್ರೋಲ್ ಇಂಜಿನ್ನು ಮುಂದಿನ ಸೀಟಿನ ಕೆಳಗೆ ಇದೆ, ನಾಲ್ಕು ಗೇರು, ಹಿಂದಿನ ಚಕ್ರಕ್ಕೆ ಎಳೆತ, ಹಿಂದೆ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್). ಸೀಟು ಎತ್ತಿದರೆ ಇಂಜಿನ್ ಕೈಗೆ ಸಿಗುವುದರಿಂದ ಊರಿನ ಯಾವ ಫಿಟರನೂ ಇದಕ್ಕೆ ಹೆದರುವುದಿಲ್ಲ. ಬಿಡಿಭಾಗಗಳೂ ಈವರೆಗೆ ನನಗೆ ಸಿಗದೆ ಹೋಗಿಲ್ಲ. ನಮ್ಮ ಕಸುಬಿಗೆ ಇದರ ನಿಜವಾದ ಗುಣವಿರುವುದು ಸರಿಸುವ ಬಾಗಿಲಿನಲ್ಲಿ. ಕೊಪ್ಪೀಕರ ರಸ್ತೆಯಲ್ಲಿ ಅಥವಾ ದುರ್ಗದಬೈಲಿನ ಆಸುಪಾಸಿನಲ್ಲಿ ಬೆಳಿಗ್ಗೆ ಅಂಗಡಿ ತೆರೆಯುವ ಮುನ್ನ ಗಾಜು ಮುಗಿಸಬೇಕು; ಅಲ್ಲಿ ಒಂದು ಕಡೆ ಗೋಡೆ, ಇನ್ನೊಂದು ಕಡೆ ತರಕಾರಿ ಗಾಡಿ ಇರುವಾಗ ಹೊರಗೆ ತೆರೆಯುವ ಬಾಗಿಲಿನ ವಾಹನದಿಂದ ಬಕೆಟ್ಟು ಇಳಿಸುವುದೇ ಆಗದು. ಆ ಬಾಗಿಲಿನ ಹಳಿಗೆ ಮಾತ್ರ ಗ್ರೀಸು ಹಚ್ಚಬೇಡಿ. ನಮ್ಮ ಎರೆಮಣ್ಣಿನ ಧೂಳು ಗ್ರೀಸಿನಲ್ಲಿ ಕೂತು ಮಸಿಯ ಅಂಟಾಗುತ್ತದೆ, ರೋಲರು ಸವೆಯುತ್ತದೆ. ವಾರಕ್ಕೊಮ್ಮೆ ಒಣಬಟ್ಟೆಯಿಂದ ಹಳಿ ಒರೆಸಿದರೆ ಸಾಕು.

ಇನ್ನು ನೀರಿನ ವಿಷಯ. ಈ ಗಾಡಿಯ ಖರ್ಚೆಲ್ಲ ಪೆಟ್ರೋಲಿನದೆಂದು ಕೊಳ್ಳುವಾಗ ತಿಳಿದಿದ್ದೆ. ಗಾಡಿಯನ್ನು ಸವೆಸಿದ್ದು ನಾನು ಹೊರಿಸಿದ ನೀರು. ಹುಬ್ಬಳ್ಳಿಯ ಬೋರ್‌ವೆಲ್ ನೀರು ಗಡುಸು. ಅದರಲ್ಲಿ ತೊಳೆದ ಗಾಜು ಒಣಗಿದ ಮೇಲೆ ಬಿಳಿ ಚುಕ್ಕೆ ಬಿಡುತ್ತದೆ, ಕಪ್ಪು ಗಾಜಿನ ಮೇಲಂತೂ ಎದ್ದು ಕಾಣುತ್ತದೆ. ಆದ್ದರಿಂದ ಸೋಸಿದ ನೀರನ್ನು ನಾವೇ ಒಯ್ಯಬೇಕೆಂದುಕೊಂಡು 300 ಲೀಟರಿನ ಪ್ಲಾಸ್ಟಿಕ್ ಟ್ಯಾಂಕು, ಸಣ್ಣ ಪಂಪು ಕೂರಿಸಿದೆ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆಂಬುದು ಶಾಲೆಯಲ್ಲೇ ಗೊತ್ತಿದ್ದ ಸಂಗತಿ, ಆದರೆ ಟ್ಯಾಂಕು ಕೊಳ್ಳುವಾಗ ನೆನಪಾಗಲಿಲ್ಲ. ಆರ್‌ಸಿಯಲ್ಲಿ ಖಾಲಿ ಗಾಡಿಯ ತೂಕ ಮತ್ತು ಭಾರ ತುಂಬಿದ ತೂಕ ಎರಡೂ ಬರೆದಿರುತ್ತವೆ. ಒಂದರಿಂದ ಇನ್ನೊಂದನ್ನು ಕಳೆದು, ಉಳಿದದ್ದರಲ್ಲಿ ಇಬ್ಬರು ಮನುಷ್ಯರು, ಏಣಿ, ಕ್ಯಾರಿಯರ್, ಪಂಪು, ಸಾಬೂನಿನ ಡಬ್ಬಿಗಳನ್ನೆಲ್ಲ ತೆಗೆದ ಮೇಲೆ ನೀರಿಗೆ ಎಷ್ಟು ಮಿಕ್ಕಿತೆಂದು ನೋಡಬೇಕಿತ್ತು. ನಾನು ನೋಡಿದ್ದು ಎಂಟು ತಿಂಗಳ ನಂತರ.

ಅದಕ್ಕಿಂತ ಕೆಟ್ಟದ್ದು ಅರ್ಧ ತುಂಬಿದ ಟ್ಯಾಂಕು. ಉಣಕಲ್ ಕ್ರಾಸಿನ ಸಿಗ್ನಲ್ಲಿನಲ್ಲಿ ಒಂದು ದಿನ ಬ್ರೇಕ್ ಒತ್ತಿದಾಗ ಗಾಡಿ ನಿಂತಿತು, ನೀರು ನಿಲ್ಲಲಿಲ್ಲ. ಒಳಗಿನ ನೂರೈವತ್ತು ಕಿಲೋ ಮುಂದಕ್ಕೆ ನುಗ್ಗಿ, ಯಾರೋ ಹಿಂದಿನಿಂದ ಭುಜ ಕೊಟ್ಟು ದೂಡಿದ ಹಾಗೆ ಗಾಡಿಯನ್ನು ಮತ್ತೆ ಎರಡಡಿ ಸರಿಸಿತು. ಟ್ಯಾಂಕಿನೊಳಗೆ ಅಡ್ಡ ತಡೆಗಳಿಲ್ಲದಿದ್ದರೆ ಹೀಗೆಯೇ. ಬಾನೆಟ್ಟಿಲ್ಲದ ಈ ವ್ಯಾನಿನಲ್ಲಿ ಚಾಲಕನ ಮೊಳಕಾಲಿಗೂ ಮುಂದಿನ ವಾಹನಕ್ಕೂ ನಡುವೆ ತಗಡಿನ ಹೊರತು ಹೆಚ್ಚೇನಿಲ್ಲ ಎಂಬುದನ್ನು ನೆನೆದರೆ ಆ ಎರಡಡಿಯ ಬೆಲೆ ತಿಳಿಯುತ್ತದೆ. ಕಮಾನು ಪಟ್ಟಿ ತೋರಿಸಲು ಹೋದಾಗ ವಯಸ್ಸಾದ ಫಿಟರ್ ಕಾಕಾ ಗಾಡಿಯ ಹಿಂಭಾಗ ಕುಸಿದದ್ದನ್ನು ದೂರದಿಂದಲೇ ನೋಡಿ, “ತಮ್ಮಾ, ಇದು ವ್ಯಾನ್ ಉಳದಿಲ್ಲ, ಟ್ಯಾಂಕರ್ ಆಗೇತಿ. ಪಟ್ಟಿ ಹಾಕ್ತೀನಿ, ಆದ್ರ ನೀರು ಇಳಸು” ಎಂದರು.

ಇಳಿಸಿದೆ. ಈಗ ಮುಂದಿನ ಸೀಟಿನ ಬೆನ್ನಿಗೆ ತಾಗಿದಂತೆ, ಹಿಂದಿನ ಅಚ್ಚಿಗಿಂತ ಮುಂದೆ, 20 ಲೀಟರಿನ ಆರು ಕ್ಯಾನುಗಳನ್ನು ಬೆಲ್ಟಿನಿಂದ ಬಿಗಿದು ಒಯ್ಯುತ್ತೇನೆ. ಮೊದಲ ತೊಳೆತಕ್ಕೆ ಗಿರಾಕಿಯ ನಲ್ಲಿಯ ನೀರೇ ಸಾಕು. ಕೊನೆಯ ಒಂದು ಸಲ ಮಾತ್ರ ಸೋಸಿದ ನೀರು ಹಾಕಿ ತಕ್ಷಣ ರಬ್ಬರಿನಿಂದ ಎಳೆದರೆ ಚುಕ್ಕೆ ಬೀಳದು, ಒಂದು ಸಾಧಾರಣ ಅಂಗಡಿಯ ಮುಂಭಾಗಕ್ಕೆ ಅರ್ಧ ಬಕೆಟ್ಟು ಮೀರುವುದಿಲ್ಲ. ಆರಂಭದಲ್ಲಿ ಈ ಕ್ಯಾನುಗಳನ್ನು ಐದು ರೂಪಾಯಿ ನಾಣ್ಯ ಹಾಕುವ ಕುಡಿಯುವ ನೀರಿನ ಘಟಕದಲ್ಲಿ ತುಂಬಿಸುತ್ತಿದ್ದೆ. ಏಪ್ರಿಲ್ಲಿನಲ್ಲಿ ಕೊಡ ಹಿಡಿದು ನಿಂತ ಹೆಂಗಸರ ಸಾಲಿನಲ್ಲಿ, ಗಾಜು ತೊಳೆಯಲು ಆರು ಕ್ಯಾನು ಇಟ್ಟುಕೊಂಡು ನಿಲ್ಲಲು ನಾಚಿಕೆಯಾಗಿ ಮನೆಯಲ್ಲೇ ಒಂದು ಫಿಲ್ಟರ್ ಹಾಕಿಸಿದೆ.

ಟ್ಯಾಂಕು ತೆಗೆದ ದಿನ ಇನ್ನೊಂದು ಸಂಗತಿ ಬಯಲಾಯಿತು. ಅದರ ಕೆಳಗಿದ್ದ ರಬ್ಬರ್ ಹಾಸು ಎತ್ತಿದಾಗ ಒದ್ದೆ ಗೋಣಿಯ ವಾಸನೆ ಬಂತು. ಎಡ ಹಿಂಚಕ್ರದ ಗುಮ್ಮಟದ ಪಕ್ಕ, ಬೆಸುಗೆ ಕೂಡುವ ಜಾಗದಲ್ಲಿ ಬಣ್ಣ ಉಬ್ಬಿಕೊಂಡಿತ್ತು. ಸ್ಕ್ರೂಡ್ರೈವರಿನ ತುದಿಯಿಂದ ಸುಮ್ಮನೆ ಮುಟ್ಟಿದೆ, ಅದು ಹಪ್ಪಳದಂತೆ ಮುರಿದು ಒಳಗೆ ಹೋಗಿ, ಕೆಳಗಿನ ರಸ್ತೆಯೇ ಕಂಡಿತು. ಪಂಪಿನ ಜೋಡಣೆಯಲ್ಲಿ ತೊಟ್ಟಿಕ್ಕುತ್ತಿದ್ದ ನೀರು ವರ್ಷವಿಡೀ ಹಾಸಿನ ಕೆಳಗೆ ನಿಂತ ಫಲ ಅದು. ತಪ್ಪು ಗಾಡಿಯದಲ್ಲ, ನನ್ನದು. ತಗಡು ಕತ್ತರಿಸಿ ಬೆಸೆಯಲು, ಕೆಳಗೆ ಕೋಟಿಂಗ್ ಬಳಿಯಲು 6,500 ರೂಪಾಯಿ ಆಯಿತು. ಈಗ ಹಾಸಿನ ಬದಲು ಮರದ ಪಟ್ಟಿಗಳ ಜಾಲರಿ ಇದೆ, ಸಂಜೆ ಬಾಗಿಲು ತೆರೆದಿಟ್ಟು ಒಣಗಿಸುತ್ತೇನೆ, ಒದ್ದೆ ಬಟ್ಟೆಗಳನ್ನು ರಾತ್ರಿ ಗಾಡಿಯಲ್ಲಿ ಬಿಡುವುದಿಲ್ಲ.

ಮೈಲೇಜಿನ ಬಗ್ಗೆ ಮಾರುವವರು ಹೇಳುವುದನ್ನು ಮರೆತುಬಿಡಿ. ವಿದ್ಯಾನಗರದಿಂದ ಕೇಶ್ವಾಪುರಕ್ಕೆ, ಅಲ್ಲಿಂದ ಗೋಕುಲ ರಸ್ತೆಗೆ, ಪ್ರತಿ ಎರಡು ಮೂರು ಕಿಲೋಮೀಟರಿಗೆ ಅರ್ಧ ಗಂಟೆ ನಿಂತು ಮತ್ತೆ ಹೊರಡುವ ನಮ್ಮ ಓಟದಲ್ಲಿ ಇಂಜಿನ್ ಬಿಸಿಯಾಗುವ ಹೊತ್ತಿಗೆ ಕೆಲಸದ ಜಾಗ ಬಂದಿರುತ್ತದೆ. ಚೆನ್ನಮ್ಮ ವೃತ್ತದ ಸುತ್ತ ಮೇಲ್ಸೇತುವೆ ಕಾಮಗಾರಿಯ ದಟ್ಟಣೆ ಬೇರೆ. ನನಗೆ ಊರೊಳಗೆ ಲೀಟರಿಗೆ 12 ಕಿಲೋಮೀಟರ್ ಸಿಗುತ್ತದೆ, ಟ್ಯಾಂಕಿದ್ದಾಗ 10 ದಾಟುತ್ತಿರಲಿಲ್ಲ. ತಿಂಗಳಿಗೊಮ್ಮೆ ಅಣ್ಣಿಗೇರಿ ಮೇಲೆ ಗದಗಿಗೆ ಹೋಗಿಬರುವ ದಿನ 15 ಬರುತ್ತದೆ. ಕೆಲಸವಿಲ್ಲದ ದಿನ ಮೇಲಿನ ಏಣಿ ಇಳಿಸಿಟ್ಟರೆ ಗಾಳಿಯ ತಡೆ ಕಡಿಮೆ, ಆದರೆ ಊರೊಳಗಿನ ವೇಗದಲ್ಲಿ ಇದರಿಂದ ದೊಡ್ಡ ವ್ಯತ್ಯಾಸ ನನಗೆ ಕಾಣಲಿಲ್ಲ. ಗಿಡ್ಡ ಓಟದಿಂದ ಆಯಿಲ್ ಬೇಗ ಕೆಡುವುದರಿಂದ ಕಿಲೋಮೀಟರ್ ನೋಡದೆ ನಾಲ್ಕು ತಿಂಗಳಿಗೊಮ್ಮೆ ಬದಲಿಸುತ್ತೇನೆ. ದೀಪಾವಳಿಯಿಂದ ಯುಗಾದಿಯವರೆಗೆ ಧೂಳಿನ ಕಾಲದಲ್ಲಿ ಏರ್ ಫಿಲ್ಟರನ್ನು ತಿಂಗಳಿಗೊಮ್ಮೆ ಕೊಡವುತ್ತೇನೆ. ಟೈರು ಕೊಳ್ಳುವಾಗ 145 ಆರ್ 12 ಎಲ್‌ಟಿ (ಭಾರ ಹೊರುವ ಲಘು ಟ್ರಕ್ಕಿನ ಟೈರು) ಎಂದೇ ಕೇಳಿ ಪಡೆಯಿರಿ. ಅದೇ ಅಳತೆಯ ಸಾದಾ ಕಾರಿನ ಟೈರು ಅಗ್ಗವೆಂದು ಹಾಕಿಸಿದರೆ ಭಾರಕ್ಕೆ ಪಕ್ಕೆ ಉಬ್ಬುತ್ತದೆ.

ಕೊಳ್ಳುವ ಮುನ್ನ ನನಗೆ ಯಾರೂ ಹೇಳದಿದ್ದದ್ದು ಹಳದಿ ಬೋರ್ಡಿನ ವಿಮೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ 1000 ಸಿಸಿ ಒಳಗಿನ ಖಾಸಗಿ ಕಾರಿನ ಥರ್ಡ್ ಪಾರ್ಟಿ (ಇತರರಿಗಾದ ಹಾನಿಯ) ವಿಮೆಯ ಕಂತು 2,094 ರೂಪಾಯಿ. ಅದೇ ಇಂಜಿನ್ನಿನ ಗಾಡಿ ಸರಕು ವಾಹನವಾದರೆ, 7,500 ಕಿಲೋ ಒಳಗಿನ ವರ್ಗವೆಂದು, 16,049 ರೂಪಾಯಿ. ಅಂದರೆ ನಾಲ್ಕು ಬಕೆಟ್ಟು ಹೊರುವ ನನ್ನ ಓಮ್ನಿಯೂ ಏಳು ಟನ್ನಿನ ಲಾರಿಯೂ ವಿಮೆಯ ಕಣ್ಣಿಗೆ ಒಂದೇ. ಇದರ ಮೇಲೆ 12 ಪ್ರತಿಶತವಿದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 5 ಪ್ರತಿಶತಕ್ಕೆ ಇಳಿದದ್ದಷ್ಟೇ ಸಮಾಧಾನ. ಹಾಗೆಂದು ಬಿಳಿ ಬೋರ್ಡಿನ ಖಾಸಗಿ ಗಾಡಿ ಕೊಂಡು ಸೀಟು ಕಿತ್ತು ಕಸುಬಿಗೆ ಹಚ್ಚುವ ಉಪಾಯವನ್ನು ನಾನು ಒಪ್ಪುವುದಿಲ್ಲ. ಅಪಘಾತವಾದ ದಿನ ವಿಮೆಯವರು ಮೊದಲು ಕೇಳುವುದು ಗಾಡಿಯನ್ನು ಯಾತಕ್ಕೆ ಬಳಸುತ್ತಿದ್ದಿರಿ ಎಂದೇ.

ಉಳಿದ ಕಾಗದಪತ್ರ ಅಷ್ಟು ಭಾರವಲ್ಲ. ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ. ಕಾರಿನ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಹಳದಿ ಬೋರ್ಡಿನ ಗಾಡಿಯನ್ನೂ ಓಡಿಸಬಹುದೆಂಬುದನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರಿನಲ್ಲಿ ಎತ್ತಿಹಿಡಿದಿದೆ. ಎಫ್‌ಸಿ (ಗಾಡಿ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ) ಮಾತ್ರ ಗಾಡಿಗೆ ಎಂಟು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಮಾಡಿಸಬೇಕು, ಆ ವಾರ ದುಡಿಮೆ ಒಂದು ದಿನ ಖೋತಾ.

ಗ್ಯಾರೇಜಿನ ವಿಷಯದಲ್ಲಿ ಒಂದು ಕಹಿ ಅನುಭವವಿದೆ. ಮೊದಲ ವರ್ಷ ನಾನು ಗಾಡಿ ಬಿಟ್ಟು ಕೆಲಸಕ್ಕೆ ಹೋಗಿ ಸಂಜೆ ಬರುತ್ತಿದ್ದ ಜಾಗದಲ್ಲಿ ಹಿಂದಿನ ಬ್ರೇಕ್ ಶೂ ಹೊಸದು ಹಾಕಿದೆವೆಂದು ಬಿಲ್ಲು ಕೊಟ್ಟರು. ಎರಡು ತಿಂಗಳಲ್ಲಿ ಮತ್ತೆ ಕಿರ್ರೆಂದಾಗ ಫಿಟರ್ ಕಾಕಾ ಡ್ರಮ್ ಬಿಚ್ಚಿ ತೋರಿಸಿದರು, ಹಳೆಯ ಶೂಗಳನ್ನೇ ಉಪ್ಪುಕಾಗದದಿಂದ ತಿಕ್ಕಿ ಕೂರಿಸಿದ್ದರು. ಅಂದಿನಿಂದ ಬಿಡಿಭಾಗ ನಾನೇ ತಂದುಕೊಡುತ್ತೇನೆ, ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯುತ್ತೇನೆ, ಬ್ರೇಕಿನ ಕೆಲಸವಿದ್ದ ದಿನ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂರುತ್ತೇನೆ.

ಸಿಎನ್‌ಜಿ ಕಿಟ್ ಹಾಕಿಸಲು ಹಲವರು ಹೇಳಿದರು. ಸಿಲಿಂಡರು ಕೂರುವ ಜಾಗವೇ ನನ್ನ ಕ್ಯಾನುಗಳ ಜಾಗ, ಅದರ ತೂಕ ಬೇರೆ, ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಒತ್ತಡ ಪರೀಕ್ಷೆ ಬೇರೆ. ದಿನಕ್ಕೆ 35 ಕಿಲೋಮೀಟರ್ ಓಡುವವನಿಗೆ ಆ ಹಣ ಮರಳಲು ಬಹಳ ಕಾಲ ಬೇಕು. ದೊಡ್ಡ ಟ್ಯಾಂಕು ಬೇಕೇ ಬೇಕೆನ್ನುವವರಿಗೆ ಟಾಟಾ ಏಸ್‌ನಂಥ ತೆರೆದ ಗಾಡಿ ಸರಿ, ಆದರೆ ಅದಕ್ಕೆ ಸಾಮಾನು ಕಾಯುವ ಆಳೂ ಬೇಕು.

ಕಳೆದ ಹನ್ನೆರಡು ತಿಂಗಳ ನನ್ನ ಲೆಕ್ಕ ಹೀಗಿದೆ. 9,000 ಕಿಲೋಮೀಟರಿಗೆ 750 ಲೀಟರ್ ಪೆಟ್ರೋಲು, 103ರ ದರದಲ್ಲಿ 77,250 ರೂಪಾಯಿ; ಹಳೆಯ ಜಿಎಸ್‌ಟಿ ಸೇರಿ ವಿಮೆ 17,975; ಆಯಿಲ್, ಎರಡು ಟೈರು, ಬ್ಯಾಟರಿ, ಕ್ಲಚ್ ಪ್ಲೇಟ್, ಸಣ್ಣಪುಟ್ಟ ರಿಪೇರಿ ಸೇರಿ 31,000; ಎಫ್‌ಸಿ ಮತ್ತು ಹೊಗೆ ತಪಾಸಣೆಗೆ 4,000. ಒಟ್ಟು 1,30,225. ನಾನು ದುಡಿದದ್ದು 260 ದಿನ, ಅಂದರೆ ಗಾಡಿ ಹೊರಬಿದ್ದ ಪ್ರತಿ ದಿನಕ್ಕೆ 500 ರೂಪಾಯಿ. ಜುಲೈಯಲ್ಲಿ ಧಾರವಾಡದ ಜಿಟಿಜಿಟಿ ಮಳೆ ಹಿಡಿದು ಯಾರೂ ಗಾಜು ಒರೆಸಲು ಕರೆಯದ ತಿಂಗಳಲ್ಲಿ ಬರೀ 14 ದಿನ ಕೆಲಸವಿತ್ತು. ಪೆಟ್ರೋಲು ಉಳಿಯಿತು, ವಿಮೆಯ ಒಂದು ರೂಪಾಯಿಯೂ ಉಳಿಯಲಿಲ್ಲ. ಮೊದಲೆರಡು ವರ್ಷ ನಾನು ಅಂಗಡಿಗೆ ಹೇಳುತ್ತಿದ್ದ ದರದಲ್ಲಿ ಪೆಟ್ರೋಲು ಮಾತ್ರ ಸೇರಿತ್ತು. ಈಗ ದಿನಕ್ಕೆ ಐದು ಗಿರಾಕಿಗಳೆಂದು ಹಿಡಿದು ಪ್ರತಿ ಕೆಲಸದ ಮೇಲೆ 100 ರೂಪಾಯಿ ಗಾಡಿಯದೆಂದು ಸೇರಿಸಿ ಹೇಳುತ್ತೇನೆ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಂಥ ದೂರಕ್ಕೆ ಅದರ ಎರಡರಷ್ಟು. ಹಳೆಯ ಗಿರಾಕಿಗಳಲ್ಲಿ ಇಬ್ಬರು ಬಿಟ್ಟುಹೋದರು.

ಮೂರು ಮಹಡಿಯವರೆಗಿನ ಕೆಲಸ, ಊರೊಳಗಿನ ಓಟ, ನೂರಿಪ್ಪತ್ತು ಕಿಲೋ ನೀರು ಸಾಕೆನ್ನುವವರಿಗೆ ಈ ಗಾಡಿಯನ್ನು ಧೈರ್ಯವಾಗಿ ಹೇಳುತ್ತೇನೆ. ಗಬ್ಬೂರು-ನರೇಂದ್ರ ಬೈಪಾಸಿನಲ್ಲಿ ಲಾರಿಗಳ ನಡುವೆ ದಿನವೂ ಓಡಬೇಕಾದವರಿಗೆ ಹೇಳಲಾರೆ. ನಾನೇ ಅಲ್ಲಿಗೆ ಇದನ್ನು ಒಯ್ಯುವುದಿಲ್ಲ. 2014ರ ಆಸುಪಾಸಿನ ಮಾದರಿಗೆ ಇಂದು 1,00,000 ರೂಪಾಯಿ ಮೀರಿ ಕೊಡಬೇಡಿ, ನೋಡಲು ಹೋದಾಗ ಮಾರುವವರು ಇಂಜಿನ್ ಸ್ಟಾರ್ಟ್ ಮಾಡಿ ತೋರಿಸುತ್ತಿರುವಾಗ ನೀವು ಹಿಂದಿನ ಹಾಸು ಎತ್ತಿ ಎಡ ಚಕ್ರದ ಪಕ್ಕ ಸ್ಕ್ರೂಡ್ರೈವರಿನಿಂದ ಒಮ್ಮೆ ಒತ್ತಿ ನೋಡಿ.