ಅಂಗವೈಕಲ್ಯವಿರುವ ಮಾಜಿ ಸೈನಿಕರೇ, ಆಕ್ಸೆಸ್ ಪಾಸ್ ಪಡೆಯಿರಿ

ಅಮೆರಿಕದ ಸೇನೆಯಲ್ಲಿ ದುಡಿದು, ಬೆನ್ನುಮೂಳೆಗೆ ಪೆಟ್ಟು ಮಾಡಿಕೊಂಡು ಹೊರಬಂದ ನನ್ನ ಬಳಿ ಎರಡು ಪಾಸ್‌ಗಳಿವೆ. ಒಂದು, ಮಾಜಿ ಸೈನಿಕರಿಗೂ ಹುತಾತ್ಮರ ಕುಟುಂಬದವರಿಗೂ 2022ರ ನವೆಂಬರ್ 11ರಿಂದ ಕೊಡುತ್ತಿರುವ ಮಿಲಿಟರಿ ಲೈಫ್‌ಟೈಮ್ ಪಾಸ್. ಇನ್ನೊಂದು, ಶಾಶ್ವತ ಅಂಗವೈಕಲ್ಯವಿರುವ ಅಲ್ಲಿನ ಪ್ರಜೆಗಳಿಗೂ ಕಾಯಂ ನಿವಾಸಿಗಳಿಗೂ ಸಿಗುವ ಆಕ್ಸೆಸ್ ಪಾಸ್. ರಾಷ್ಟ್ರೀಯ ಉದ್ಯಾನ, ಅರಣ್ಯ, ವನ್ಯಜೀವಿ ತಾಣಗಳೆಲ್ಲ ಸೇರಿ 2,000ಕ್ಕೂ ಹೆಚ್ಚು ಕೇಂದ್ರ ಸರ್ಕಾರಿ ಜಾಗಗಳಲ್ಲಿ ಇವನ್ನು ತೋರಿಸಿದರೆ ಪ್ರವೇಶ ಶುಲ್ಕವಿಲ್ಲ, ಎರಡೂ ಜೀವನಪರ್ಯಂತ ನಡೆಯುತ್ತವೆ. ಆದರೆ ಹಲವು ತಾಣಗಳಲ್ಲಿ ಡೇರೆ ಹಾಕುವ ಶುಲ್ಕ ಆಕ್ಸೆಸ್ ಪಾಸ್ ಇದ್ದವರಿಗೆ ಅರ್ಧಕ್ಕೆ ಇಳಿಯುತ್ತದೆ. ಮಿಲಿಟರಿ ಪಾಸಿಗೆ ಆ ರಿಯಾಯಿತಿ ಇಲ್ಲ. ಬೇಸಿಗೆಯಿಡೀ ಕಾಡಿನಲ್ಲಿ ಉಳಿಯುವ ನನ್ನಂಥವರಿಗೆ ಇದು ಸಣ್ಣ ಮೊತ್ತವಲ್ಲ.

ಅಂಗವೈಕಲ್ಯ ಶೇಕಡ 100 ಇರಲೇಬೇಕೆಂದಿಲ್ಲ. ಮಾಜಿ ಸೈನಿಕರ ಇಲಾಖೆಯ ಪತ್ರವೋ ವೈದ್ಯರ ಪ್ರಮಾಣಪತ್ರವೋ ಇದ್ದರೆ ಪಾಸ್ ವಿತರಿಸುವ ಉದ್ಯಾನದ ಕೌಂಟರಿನಲ್ಲೇ ಉಚಿತವಾಗಿ ಕೊಡುತ್ತಾರೆ. ಅಂಚೆಯಲ್ಲಿ ತರಿಸಿಕೊಂಡರೆ ಸಂಸ್ಕರಣಾ ಶುಲ್ಕ ತೆರಬೇಕು.

ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಂತಹ ಕಡೆ ವಾಹನಕ್ಕೆ ಶುಲ್ಕವಿರುವುದರಿಂದ ಕಾರಿನಲ್ಲಿದ್ದವರೆಲ್ಲರೂ ಒಂದೇ ಪಾಸಿನಲ್ಲಿ ಒಳಗೆ ಹೋಗಬಹುದು. ಮೈಸೂರಿನಿಂದ ಬಂದಿದ್ದ ಅಪ್ಪ ಅಮ್ಮನನ್ನೂ ಹಾಗೆಯೇ ಕರೆದೊಯ್ದಿದ್ದೆ. ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಕಾಡಾದ ಮ್ಯೂರ್ ವುಡ್ಸ್‌ನಲ್ಲಿ ತಲೆಗಿಷ್ಟು ಎಂಬ ಲೆಕ್ಕ. ಅಲ್ಲಿ ಪಾಸ್ ಇದ್ದವರ ಜೊತೆ ಮೂವರು ವಯಸ್ಕರಿಗೆ ಮಾತ್ರ ವಿನಾಯಿತಿ. ವಾಹನ ನಿಲುಗಡೆಯ ಜಾಗವನ್ನು ಮೊದಲೇ ಕಾಯ್ದಿರಿಸಿ, ಅದರ ಹಣವನ್ನು ಬೇರೆಯಾಗಿ ಕಟ್ಟಬೇಕು.

ಗೇಟು ದಾಟಿದ ಮೇಲಿನ ಸಂಗತಿಯೇ ನನಗೆ ಮುಖ್ಯ. ಗ್ರ್ಯಾಂಡ್ ಕ್ಯಾನಿಯನ್‌ನ ಕಮರಿಯಂಚಿನ ಹರ್ಮಿಟ್ ರಸ್ತೆಗೆ ಮಾರ್ಚ್‌ನಿಂದ ನವೆಂಬರ್‌ವರೆಗೆ ಖಾಸಗಿ ವಾಹನ ಬಿಡುವುದಿಲ್ಲ, ಉದ್ಯಾನದ ಬಸ್ಸಿನಲ್ಲೇ ಹೋಗಬೇಕು. ಪದೇ ಪದೇ ಹತ್ತಿ ಇಳಿಯುವುದೆಂದರೆ ನನ್ನ ಬೆನ್ನಿಗೆ ಶಿಕ್ಷೆ. ನಡೆದಾಡಲು ಕಷ್ಟವಿರುವವರು ಸ್ವಂತ ವಾಹನದಲ್ಲೇ ಹೋಗಲು ಅಲ್ಲಿ ಪ್ರತ್ಯೇಕ ಅನುಮತಿ ಪತ್ರವಿದೆ, ಅದೂ ಉಚಿತ. ಆ ರಸ್ತೆಯ ವೀಕ್ಷಣಾ ತಾಣವಾದ ಹೋಪಿ ಪಾಯಿಂಟ್‌ನಲ್ಲಿ ನಮ್ಮದೇ ಕಾರು ನಿಲ್ಲಿಸಿ, ನೋವು ಏರಿದಾಗ ಸೀಟು ವಾಲಿಸಿಕೊಂಡು ಮಲಗಿ, ನೋವು ಇಳಿದಾಗ ಎದ್ದು ಕಟಕಟೆಯವರೆಗೆ ಹೋಗಿ, ಸಂಜೆಯ ಬಿಸಿಲಿನಲ್ಲಿ ಕಮರಿ ಕೆಂಪಾಗುವುದನ್ನು ಸಾವಕಾಶವಾಗಿ ನೋಡಿದೆ. ಯೊಸೆಮಿಟಿಯಲ್ಲಿಯೂ ಅಂಗವಿಕಲರ ಫಲಕವಿರುವ ಕಾರನ್ನು ಮಿರರ್ ಲೇಕ್ ರಸ್ತೆಗೆ ಬಿಡುತ್ತಾರೆ. ಪಾಸ್ ತೋರಿಸಿದ ಮಾತ್ರಕ್ಕೆ ಇವನ್ನೆಲ್ಲ ಯಾರೂ ಹೇಳುವುದಿಲ್ಲ, ಬಾಯಿಬಿಟ್ಟು ಕೇಳಬೇಕು.

ಬೇಸರವೂ ಇದೆ. ಒಂದು ಅರಣ್ಯದ ಶಿಬಿರದಲ್ಲಿ ಗಾಲಿಕುರ್ಚಿಯ ಚಿಹ್ನೆಯಿದ್ದ ಜಾಗವನ್ನೇ ಕಾಯ್ದಿರಿಸಿದ್ದೆ. ಅಲ್ಲಿಂದ ಶೌಚಾಲಯಕ್ಕೆ ಹೋಗುವ ದಾರಿಯ ತುಂಬಾ ಸಡಿಲ ಜಲ್ಲಿ. ಊರುಗೋಲು ಹೂತುಹೋಗುತ್ತಿತ್ತು, ಪಕ್ಕದ ಜಾಗದಲ್ಲಿ ಗಾಲಿಕುರ್ಚಿಯಲ್ಲಿದ್ದ ಹಿರಿಯ ಯೋಧರೊಬ್ಬರನ್ನು ಅವರ ಮಗ ಎತ್ತಿಕೊಂಡೇ ಹೋಗಬೇಕಾಯಿತು. ಅಂತಹವರಿಗೆ ಅರ್ಧ ದರದ ಜೊತೆಗೆ ಗಟ್ಟಿ ನೆಲವೂ ಸಿಗಬೇಕು. ನಾನು ದೂರು ಬರೆದುಕೊಟ್ಟಿದ್ದೇನೆ, ಮುಂದೆಯೂ ಬರೆಯುತ್ತೇನೆ.

ರಾಜ್ಯ ಸರ್ಕಾರಗಳ ಉದ್ಯಾನಗಳಲ್ಲಿ ಈ ಪಾಸ್ ನಡೆಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ, ಗೌರವಯುತವಾಗಿ ಬಿಡುಗಡೆಯಾದ, ಸೇವೆಯಿಂದ ಉಂಟಾದ ಶೇಕಡ 50 ಅಥವಾ ಹೆಚ್ಚಿನ ಅಂಗವೈಕಲ್ಯವಿರುವವರಿಗೆ ಅಲ್ಲಿನ ರಾಜ್ಯ ಉದ್ಯಾನಗಳು ಬೇರೆಯೇ ಉಚಿತ ಪಾಸ್ ಕೊಡುತ್ತವೆ. ಅದಕ್ಕೂ ಅರ್ಜಿ ಹಾಕಿ.