ಕುಡಿಯೋಕೆ 18 ಸಾಕಾ, 21 ಬೇಕಾ?

ಅಮೆರಿಕದಲ್ಲಿ ಈ ಜಗಳ ಮುಗಿಯುವ ಲಕ್ಷಣವೇ ಇಲ್ಲ. ಯಾವ ಕಡೆ ನಿಲ್ಲಬೇಕು ಅಂತ ಯೋಚಿಸ್ತಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

18ರ ಪರ ವಾದ ಸರಳ. ವೋಟು ಹಾಕಬಹುದು, ಸೇನೆ ಸೇರಬಹುದು, ಮದುವೆಯಾಗಬಹುದು, ಆದರೆ ಆ ಮದುವೆಯಲ್ಲೇ ಒಂದು ಗ್ಲಾಸ್ ವೈನ್ ಕುಡಿಯುವಂತಿಲ್ಲ ಅಂದ್ರೆ ಹೇಗೆ? ಬೇಡ ಅಂದರೆ ಹುಡುಗರು ಬಿಡ್ತಾರಾ? ಹಾಸ್ಟೆಲ್ ರೂಮಿನ ಬಾಗಿಲು ಹಾಕಿಕೊಂಡು ಗಟಗಟ ಏರಿಸ್ತಾರೆ, ಒಬ್ಬ ಎಚ್ಚರ ತಪ್ಪಿ ಬಿದ್ದರೂ ಸಿಕ್ಕಿಬೀಳುವ ಭಯಕ್ಕೆ ಆಂಬುಲೆನ್ಸ್ ಕರೆಯಲು ಹಿಂಜರಿಯುತ್ತಾರೆ. ಇದಕ್ಕೆಂದೇ ಹಲವು ರಾಜ್ಯಗಳು ಕರೆ ಮಾಡಿದವರಿಗೆ ಕೇಸಿನಿಂದ ವಿನಾಯಿತಿ ಕೊಟ್ಟಿವೆ.

21ರ ಪರ ಇರುವ ದೊಡ್ಡ ಸಾಕ್ಷಿ ರಸ್ತೆ. 1970ರ ದಶಕದಲ್ಲಿ ಹಲವು ರಾಜ್ಯಗಳು ವಯಸ್ಸು ಇಳಿಸಿದವು, ಹರೆಯದವರ ಅಪಘಾತ ಜಾಸ್ತಿಯಾಯಿತು. 1984ರಲ್ಲಿ ಕೇಂದ್ರ ಸರ್ಕಾರ, 21 ಮಾಡದ ರಾಜ್ಯಕ್ಕೆ ಹೆದ್ದಾರಿ ಹಣ ಕಡಿತ ಅಂತ ಕಾನೂನು ತಂದಿತು; 1988ರ ಹೊತ್ತಿಗೆ ಎಲ್ಲರೂ ದಾರಿಗೆ ಬಂದರು. ಆಮೇಲೆ ಸಾವು ಕಡಿಮೆಯಾದವು (ಸೀಟ್‌ಬೆಲ್ಟ್ ಪಾಲೂ ಇದೆ ಅನ್ನಿ). ಇನ್ನೊಂದು, 18ರವನ ಕೈಗೆ ಬಂದ ಬಾಟಲಿ 16ರ ಗೆಳೆಯನಿಗೂ ತಲುಪುತ್ತೆ, ಅಲ್ವಾ?

ನನ್ನನ್ನು ಕೇಳಿದರೆ, ಕಾರಿಲ್ಲದೆ ಓಡಾಡಲಾಗದ ಕಡೆ 21 ಇರಲಿ. ಬಸ್ಸು, ರೈಲು ರಾತ್ರಿಯೂ ಸಿಗುವ ಕಡೆ 18 ಮಾಡಿದರೆ ನನ್ನ ತಕರಾರಿಲ್ಲ.