ರಿವರ್ಸ್ ಹಾಕಿದರೆ ಬಾಗುವ ಕನ್ನಡಿ: ಹೊರಗಿನ ಅಂಗಡಿಯಲ್ಲಿ ಹಾಕಿಸುವ ಮುಂಚೆ ಇದನ್ನು ಓದಿ

ಕಾರಿಗೆ ರಿವರ್ಸ್ ಮಿರರ್ ಮಾಡ್ಯೂಲ್, ಅಂದರೆ ರಿವರ್ಸ್ ಹಾಕಿದಾಗ ಪಕ್ಕದ ಕನ್ನಡಿಯನ್ನು ತಾನೇ ಕೆಳಕ್ಕೆ ಬಾಗಿಸುವ ಡಬ್ಬಿ, ಹಾಕಿಸಬೇಕು ಅಂತ ಯೋಚನೆ ಮಾಡುತ್ತಿರುವವರು ಒಂದೈದು ನಿಮಿಷ ತಡೆಯಿರಿ. ನಾನು ಹಾಕಿಸಿದ್ದೆ. ಅದರಿಂದ ಒಬ್ಬ ಹುಡುಗನ ಮೊಣಕಾಲು ತರಚಿತು. ಅಷ್ಟಕ್ಕೇ ಮುಗಿದದ್ದು ಅವನ ಪುಣ್ಯ, ನನ್ನದೂ.

ನಮ್ಮ ಮನೆ ಇರುವುದು ಬೆಂಗಳೂರಿನ ಹಳೇ ಬಡಾವಣೆಯಲ್ಲಿ. ಗೇಟಿನ ಮುಂದೆ ಮೋರಿ, ಅದರ ಮೇಲೆ ಎರಡು ಕಲ್ಲು ಚಪ್ಪಡಿ. ಕಾರನ್ನು ಹಿಂದಕ್ಕೆ ಒಳಗೆ ಬಿಡುವಾಗ ಎಡಗಡೆಯ ಹಿಂದಿನ ಚಕ್ರಕ್ಕೂ ಚಪ್ಪಡಿಯ ಅಂಚಿಗೂ ನಾಲ್ಕು ಬೆರಳು ಜಾಗ. ಒಮ್ಮೆ ಚಕ್ರ ಮೋರಿಗೆ ಇಳಿದು, ಬೀದಿಯವರೆಲ್ಲ ಸೇರಿ ಎತ್ತಿದ್ದರು. ಅಲಾಯ್ ವೀಲಿನ ಅಂಚಿನಲ್ಲಿ ಆ ಗೀರು ಇನ್ನೂ ಇದೆ. ಕ್ಯಾಮೆರಾ ಇಲ್ವಾ, ಸೆನ್ಸರ್ ಇಲ್ವಾ ಅಂತ ಕೇಳಬಹುದು. ಇದೆ. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯವೇ ಆಗಿದೆ. ಆದರೆ ಅದು ನೋಡುವುದು ಬಂಪರಿನ ಹಿಂದೆ. ಪಕ್ಕದ ಮೋರಿ ಅದರ ಲೆಕ್ಕಕ್ಕೆ ಬರುವುದಿಲ್ಲ.

ಹೀಗಿರುವಾಗ ಗೆಳೆಯನ ಕಾರಿನಲ್ಲಿ ಕೂತಿದ್ದೆ. ಅವನು ರಿವರ್ಸ್ ಹಾಕಿದ, ಎಡಗಡೆಯ ಕನ್ನಡಿ ಜುಯ್ ಅಂತ ತಲೆ ತಗ್ಗಿಸಿ ಹಿಂದಿನ ಚಕ್ರವನ್ನೂ ನೆಲವನ್ನೂ ತೋರಿಸಿತು. ನನಗೆ ಬೇಕಾದದ್ದು ಇದೇ ಅನ್ನಿಸಿತು. ಮುಂದಿನ ಶನಿವಾರವೇ ಜೆ.ಸಿ. ರಸ್ತೆಯ ಒಂದು ಅಂಗಡಿಗೆ ಹೋದೆ.

"ಕಪ್ಲರ್ ಟು ಕಪ್ಲರ್ ಸಾರ್, ಒಂದು ವೈರೂ ಕಟ್ ಮಾಡಲ್ಲ" ಅಂದರು. ಅಂದರೆ ಪ್ಲಗ್ಗಿಗೆ ಪ್ಲಗ್ಗು ಸಿಕ್ಕಿಸುವುದು ಅಷ್ಟೇ. 3,200 ರೂಪಾಯಿ, ಮುಕ್ಕಾಲು ಗಂಟೆ ಕೆಲಸ. ನಾನು ಚಹಾ ಕುಡಿಯಲು ಹೋದೆ. ಅಲ್ಲೇ ನಿಂತು ನೋಡಬೇಕಿತ್ತು.

ಮೊದಲ ತಿಂಗಳು ಖುಷಿಯೋ ಖುಷಿ. ಮನೆಗೆ ಬಂದವರಿಗೆಲ್ಲ ರಿವರ್ಸ್ ಹಾಕಿ ತೋರಿಸಿದ್ದೇ ತೋರಿಸಿದ್ದು. ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಎಡಗಡೆಯ ಕನ್ನಡಿ ಸ್ವಲ್ಪ ಕೆಳಗಿಳಿದಿರುತ್ತಿತ್ತು. ಸಿಗ್ನಲ್‌ನಲ್ಲಿ ಯಾವುದೋ ಬೈಕಿನವರು ತಾಗಿಸಿರಬೇಕು ಅಂತ ಬೈದುಕೊಂಡು, ಗುಂಡಿ ಒತ್ತಿ ಸರಿ ಮಾಡಿಕೊಳ್ಳುತ್ತಿದ್ದೆ. ಈ ಊರಿನಲ್ಲಿ ಕನ್ನಡಿಗೆ ಕೈ ತಾಗಿಸದ ಬೈಕು ಯಾವುದಿದೆ? ಹಾಗಾಗಿ ಅನುಮಾನವೇ ಬರಲಿಲ್ಲ.

ಒಂದು ಸಂಜೆ ಅಂಗಡಿಯೊಂದರ ಮುಂದಿನಿಂದ ಕಾರು ಹಿಂದಕ್ಕೆ ತೆಗೆದು, ಗೇರನ್ನು ಡಿಗೆ (ಮುಂದಕ್ಕೆ ಓಡಿಸುವ ಗೇರು) ಹಾಕಿ ಸರ್ವಿಸ್ ರಸ್ತೆಗೆ ಬಂದೆ. ಇಪ್ಪತ್ತು ಹೆಜ್ಜೆ ಮುಂದೆ ಎಡಕ್ಕೆ ತಿರುಗಬೇಕಿತ್ತು. ಇಂಡಿಕೇಟರ್ ಹಾಕಿದೆ, ಕನ್ನಡಿ ನೋಡಿದೆ. ಹಿಂದಿನ ಬಾಗಿಲಿನ ಹಿಡಿ ಕಂಡಿತು, ಅದರ ಕೆಳಗೆ ಫುಟ್‌ಪಾತ್ ಅಂಚಿನ ಕಪ್ಪು ಬಿಳಿ ಬಣ್ಣ ಕಂಡಿತು. ಯಾರೂ ಇಲ್ಲ ಅಂದುಕೊಂಡು ಸ್ಟೀರಿಂಗ್ ತಿರುಗಿಸಿದೆ. ಕನ್ನಡಿಯಲ್ಲಿ ರಸ್ತೆಯೇ ಇರಲಿಲ್ಲ ಅನ್ನುವುದು ಆ ಕ್ಷಣಕ್ಕೆ ಹೊಳೆಯಲೇ ಇಲ್ಲ.

ಸ್ಕೂಟರಿನ ಹ್ಯಾಂಡಲ್ ಬಾಗಿಲಿಗೆ ಉಜ್ಜಿದ ಸದ್ದು ಕೇಳಿತು. ಇಳಿದು ನೋಡಿದರೆ ಹುಡುಗ ಫುಟ್‌ಪಾತಿಗೆ ಒರಗಿಕೊಂಡು ಬಿದ್ದಿದ್ದ. ಅವನ ಚೀಲದ ಸೀಬೆಹಣ್ಣು ನನ್ನ ಕಾರಿನಡಿ ಉರುಳಿದ್ದವು. "ಅಂಕಲ್, ಮಿರರ್ ನೋಡಲ್ವಾ?" ಅಂದ. ನೋಡಿದ್ದೆ ಅಂತ ಹೇಳಲು ಬಾಯಿ ಬರಲಿಲ್ಲ. ಗಾಯ ತೊಳೆಸಿ, ಟಿಟಿ ಚುಚ್ಚಿಸಿ, ಮನೆವರೆಗೂ ಬಿಟ್ಟು ಬಂದೆ.

ಮಾರನೇ ದಿನ ನಮ್ಮ ಏರಿಯಾದ ಎಲೆಕ್ಟ್ರಿಷಿಯನ್ ಬಾಗಿಲಿನ ಪ್ಯಾಡ್ ಬಿಚ್ಚಿದರು. ಕಪ್ಲರೂ ಇಲ್ಲ, ಮಣ್ಣೂ ಇಲ್ಲ. ಕನ್ನಡಿಯ ಮೋಟಾರಿಗೆ ಹೋಗುವ ವೈರುಗಳನ್ನು ಸುಲಿದು, ತಿರುಚಿ, ಕರಿ ಟೇಪು ಸುತ್ತಿದ್ದರು. ಮಳೆ ನೀರು ಬಾಗಿಲಿನೊಳಗೆ ಇಳಿಯುವ ಜಾಗ ಅದು. ಟೇಪು ಆಗಲೇ ಬಿಟ್ಟುಕೊಂಡಿತ್ತು.

ಆದರೆ ಅಸಲಿ ವಿಷಯ ಬೇರೆ. ಕಂಪನಿಯಿಂದಲೇ ಈ ಸೌಲಭ್ಯ ಬರುವ, ತನ್ನ ಜಾಗ ನೆನಪಿಟ್ಟುಕೊಳ್ಳುವ ಮೆಮೊರಿ ಕನ್ನಡಿಗಳಲ್ಲಿ ಗಾಜು ಎಲ್ಲಿದೆ ಅಂತ ಹೇಳುವ ಸೆನ್ಸರ್ ಒಳಗೇ ಇರುತ್ತದೆ. ಎಲ್ಲಿಂದ ಹೊರಟಿತೋ ಅಲ್ಲಿಗೇ ವಾಪಸ್ ಬರುತ್ತದೆ. ನನಗೆ ಹಾಕಿದ್ದ ಡಬ್ಬಿಗೆ ಅದೇನೂ ಗೊತ್ತಿಲ್ಲ. ಇಷ್ಟು ಸೆಕೆಂಡು ಕೆಳಗೆ, ಅಷ್ಟೇ ಸೆಕೆಂಡು ಮೇಲೆ, ಅಷ್ಟೇ ಅದರ ಬುದ್ಧಿ. ಗಾಜು ಇಳಿಯುವಾಗಲೂ ಏರುವಾಗಲೂ ಒಂದೇ ವೇಗದಲ್ಲಿ ಹೋಗುತ್ತದೆ ಅನ್ನುವ ಖಾತ್ರಿ ಇಲ್ಲ. ಹಾಗಾಗಿ ನನ್ನದು ಪ್ರತಿ ಸಲ ಕೂದಲೆಳೆಯಷ್ಟು ಕೆಳಗೇ ಉಳಿದುಬಿಡುತ್ತಿತ್ತು.

ನನ್ನದು ಆಟೊಮ್ಯಾಟಿಕ್ ಗೇರು ಬೇರೆ. ಪಿಯಿಂದ (ಪಾರ್ಕಿಂಗ್) ಡಿಗೆ ಹೋಗಬೇಕಾದರೂ ಆರ್ (ರಿವರ್ಸ್) ದಾಟಬೇಕು, ಡಿಯಿಂದ ಪಿಗೆ ಬರಬೇಕಾದರೂ ದಾಟಬೇಕು. ಡಬ್ಬಿಗೆ ಸಿಗ್ನಲ್ ಕೊಡುವುದು ರಿವರ್ಸ್ ಲೈಟಿನ ವೈರು. ಲೈಟು ಅರೆಕ್ಷಣ ಮಿಂಚಿದರೂ ಕನ್ನಡಿ ಇಳಿಯಲು ಶುರು ಮಾಡುತ್ತದೆ. ಉದ್ದನೆಯ ಸಿಗ್ನಲ್‌ಗಳಲ್ಲಿ ಪಿಗೆ ಹಾಕಿ ಕಾಲು ಚಾಚುವ ಅಭ್ಯಾಸ ನನಗೆ. ಅಂದರೆ ಪ್ರತಿ ಸಿಗ್ನಲ್‌ಗೂ ಕನ್ನಡಿ ಎರಡು ಸಲ ಒದ್ದಾಡುತ್ತಿತ್ತು. ಪಾಪ, ಬೈಕಿನವರನ್ನು ಸುಮ್ನೆ ಬೈದೆ.

ಸರ್ವಿಸ್ ಸೆಂಟರಿನಲ್ಲಿ ವೈರ್ ನೋಡಿದ ತಕ್ಷಣ ಆ ಬಾಗಿಲಿನ ವೈರಿಂಗಿಗೆ ವಾರಂಟಿ ಇಲ್ಲ ಅಂದರು. ಅವರದ್ದು ತಪ್ಪು ಅನ್ನಲಾರೆ.

ಇನ್ನೊಂದು ವಿಷಯ. ದುಡ್ಡು ಕೊಡುವ ಮುಂಚೆ ನಿಮ್ಮ ಕಾರಿನ ಪುಸ್ತಕ ತೆಗೆದು ನೋಡಿ, ಈ ಸೌಲಭ್ಯ ಆಗಲೇ ಇರಬಹುದು. ಎಷ್ಟೋ ಜನ ಕನ್ನಡಿ ಹೊಂದಿಸುವ ಸ್ವಿಚ್ಚನ್ನು ನಡುವೆ ಬಿಟ್ಟು, ಇದು ಕೆಟ್ಟಿದೆ ಅಥವಾ ಇಲ್ಲವೇ ಇಲ್ಲ ಅಂದುಕೊಂಡಿರುತ್ತಾರೆ. ಲೆಕ್ಸಸ್‌ನಂಥ ಕಾರಿನಲ್ಲಿ ಸ್ವಿಚ್ಚು ಎಲ್ (ಎಡ) ಅಥವಾ ಆರ್ (ಬಲ) ಕಡೆ ಇದ್ದರೆ ಮಾತ್ರ ಕನ್ನಡಿ ಬಾಗುತ್ತದೆ. ಬಿಎಂಡಬ್ಲ್ಯೂನಲ್ಲಿ ವಿಚಿತ್ರ, ಸ್ವಿಚ್ಚು ಚಾಲಕನ ಕನ್ನಡಿಯ ಕಡೆ ಇದ್ದರೆ ಆಚೆಯ ಕನ್ನಡಿ ಬಾಗುತ್ತದೆ. ಇನ್ನು ಕೆಲವು ಕಾರುಗಳಲ್ಲಿ ರಿವರ್ಸ್ ತೆಗೆದ ಕೂಡಲೇ ಅದು ಮೇಲೇಳುವುದಿಲ್ಲ, ಮುಂದಕ್ಕೆ ಸ್ವಲ್ಪ ವೇಗ ಬಂದ ಮೇಲೆ ಏಳುತ್ತದೆ. ಅಲ್ಲಿಯವರೆಗೆ ಎಡಗಡೆ ನಿಮಗೆ ಕುರುಡು. ಕತ್ತು ತಿರುಗಿಸಿ ನೋಡಬೇಕು.

ಈಗ ನಾನು ಎಡಗಡೆಯ ಕನ್ನಡಿಯ ಕೆಳಮೂಲೆಗೆ 150 ರೂಪಾಯಿಯ ಒಂದು ಗುಂಡು ಉಬ್ಬುಗನ್ನಡಿ ಅಂಟಿಸಿಕೊಂಡಿದ್ದೇನೆ. ಚಪ್ಪಡಿ ಕಾಣುತ್ತದೆ, ರಸ್ತೆಯೂ ಕಾಣುತ್ತದೆ.

ಡಬ್ಬಿ ವಾಪಸ್ ಕೊಡಲು ಅದೇ ಅಂಗಡಿಗೆ ಹೋದೆ. "ಎಷ್ಟೋ ಕಾರಿಗೆ ಹಾಕಿದ್ದೀವಿ ಸಾರ್, ನಿಮ್ಮದೊಂದೇ ಕಂಪ್ಲೇಂಟು" ಅಂದರು. ಅಲ್ಲೇ ಇನ್ನೊಬ್ಬರು ತಮ್ಮ ಕಾರಿಗೆ ಆಗಷ್ಟೇ ಹಾಕಿಸಿಕೊಂಡು ನೋಡುತ್ತಿದ್ದರು. ಗಾಜಿನ ಮೇಲಂಚಿಗೆ ಒಂದು ಚೂರು ಟೇಪು ಅಂಟಿಸಿ ಗುರುತು ಮಾಡಿಕೊಳ್ಳಿ, ಪಿಯಿಂದ ಡಿಗೆ, ಡಿಯಿಂದ ಪಿಗೆ ಒಂದು ಇಪ್ಪತ್ತು ಸಲ ಹಾಕಿ ನೋಡಿ ಅಂದೆ. ಅವರು ಹಾಕಿದರು. ಟೇಪು ಕವಚದ ಅಂಚಿನಿಂದ ಅರ್ಧ ಬೆರಳು ಸರಿದಿತ್ತು. ಅಂಗಡಿಯ ಹುಡುಗ ಬಂದು ಗಾಜನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಮೊದಲಿನ ಜಾಗಕ್ಕೆ ಕೂರಿಸಿದ.

"ಈಗ ನೋಡಿ ಸಾರ್, ಕರೆಕ್ಟಾಗಿದೆ" ಅಂದ.